ಎಂಟಡಿ ಕೋಲು, ಎಂಬತ್ತು ಮೀಟರಿನ ಅಲೆ

ಟಿವಿ ಸುದ್ದಿಯಲ್ಲಿ ವಿಶ್ವಸಂಸ್ಥೆಯ ಬಿಳಿ ಜೀಪುಗಳನ್ನು ನೀವೂ ನೋಡಿರುತ್ತೀರಿ. ಮುಂದಿನ ಬಂಪರಿನಿಂದ ಎದ್ದ ಉದ್ದನೆಯ ಕೋಲೊಂದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಿಂದಕ್ಕೆ ಕಟ್ಟಿರುತ್ತಾರೆ. ಗಾಳದ ಕೋಲಿನಂತೆ ಕಾಣುವ ಅದು ಎಚ್‌ಎಫ್ ಆಂಟೆನಾ. ಟವರ್ರೂ ಇಲ್ಲದ, ತಂತಿಯೂ ಇಲ್ಲದ ಜಾಗದಿಂದ ನೂರಾರು ಮೈಲಿ ಆಚೆಗೆ ಮಾತಾಡೋದಕ್ಕೆ ಇರುವ ಹಳೇ ಉಪಾಯ.

ಇಂಥದ್ದೇ ಕೋಲನ್ನು ತಮ್ಮ ಸ್ವಂತ ಕಾರಿಗೆ ಸಿಕ್ಕಿಸಿಕೊಂಡು, ಗಾಡಿ ಓಡಿಸುತ್ತಲೇ ಇನ್ನೊಂದು ಖಂಡದವರ ಜೊತೆ ಹರಟೆ ಹೊಡೆಯುವ ಜನ ಇದ್ದಾರೆ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು. ಅವರ ರೇಡಿಯೋಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕೋಲಿನ ಬಗ್ಗೆ ಬರೆಯುವವರು ಕಡಿಮೆ. ನನಗೇನೋ ರೇಡಿಯೋಗಿಂತ ಕೋಲಿನ ಇತಿಹಾಸವೇ ಹೆಚ್ಚು ಸ್ವಾರಸ್ಯ ಅನ್ನಿಸುತ್ತದೆ. ಯಾಕಂದರೆ ರೇಡಿಯೋ ಡಬ್ಬ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಬಂತು, ಕೋಲು ಮಾತ್ರ ಚಿಕ್ಕದಾಗೋದಕ್ಕೆ ಒಪ್ಪಲೇ ಇಲ್ಲ.

ಯಾಕೆ ಅಂತ ಮೊದಲು ನೋಡಿಬಿಡೋಣ. ಮನೆಯಲ್ಲಿ ಹಳೇ ಮರ್ಫಿ ರೇಡಿಯೋ ಇದ್ದವರಿಗೆ ಡಯಲ್ಲಿನ ಮೇಲೆ 25 ಮೀಟರ್, 31 ಮೀಟರ್, 49 ಮೀಟರ್ ಅಂತೆಲ್ಲ ಬರೆದಿದ್ದದ್ದು ನೆನಪಿರಬಹುದು. ಸಿಲೋನ್ ಸ್ಟೇಷನ್ ಹುಡುಕುವಾಗ ಮುಳ್ಳು ಅಲ್ಲೇ ಓಡಾಡುತ್ತಿತ್ತು. ಆ ಮೀಟರ್ ಅನ್ನೋದು ರೇಡಿಯೋ ಅಲೆಯ ಉದ್ದ. ನೆಟ್ಟಗೆ ನಿಲ್ಲಿಸಿದ ಕೋಲು ಚೆನ್ನಾಗಿ ಕೆಲಸ ಮಾಡಬೇಕಾದರೆ ಅಲೆಯ ಉದ್ದದ ಸುಮಾರು ಕಾಲು ಭಾಗದಷ್ಟಾದರೂ ಇರಬೇಕು. ಹ್ಯಾಮ್‌ಗಳ 80 ಮೀಟರ್ ಬ್ಯಾಂಡಿಗೆ ಲೆಕ್ಕ ಹಾಕಿದರೆ 20 ಮೀಟರ್, ಅಂದರೆ ಒಳ್ಳೇ ಎತ್ತರದ ತೆಂಗಿನಮರ! ಕಾರಿನ ಮೇಲೆ ಹೊತ್ತು ತಿರುಗೋದಕ್ಕೆ ಆಗೋದು ಎಂಟಡಿ, ಎರಡೂವರೆ ಮೀಟರಿಗೂ ಒಂಚೂರು ಕಡಿಮೆ. ತೆಂಗಿನಮರದ ಕೆಲಸವನ್ನು ಎಂಟಡಿ ಕೋಲಿನಿಂದ ಮಾಡಿಸೋದು ಹೇಗೆ? ಮುಂದಿನ ಕಥೆಯೆಲ್ಲ ಇಷ್ಟೇ.

ಗಾಡಿಗೆ ಆಂಟೆನಾ ಹತ್ತಿಸಿದ ಮೊದಲಿಗರಲ್ಲಿ ಸ್ವತಃ ಮಾರ್ಕೋನಿ ಇದ್ದಾನೆ. 1901ರಲ್ಲಿ ಥಾರ್ನಿಕ್ರಾಫ್ಟ್ ಕಂಪನಿಯ ಒಂದು ಉಗಿ ಬಸ್ಸಿನ ಮಾಡಿನ ಮೇಲೆ ದೊಡ್ಡ ಲೋಹದ ಕೊಳವೆ ನಿಲ್ಲಿಸಿದ್ದ. ಬೇಡವಾದಾಗ ಅದನ್ನು ಮಲಗಿಸಬಹುದಿತ್ತು. ಫೋಟೋ ನೋಡಿದರೆ ಕಾರ್ಖಾನೆಯ ಚಿಮಣಿಯೊಂದು ಪ್ರವಾಸ ಹೊರಟ ಹಾಗಿದೆ. ಅದು ಹವ್ಯಾಸವೂ ಅಲ್ಲ, ಇಂದಿನ ಅರ್ಥದ ಎಚ್‌ಎಫ್ಫೂ ಅಲ್ಲ. ಆದರೆ ಗಾಡಿ ಅಂದ ತಕ್ಷಣ ತೊಂದರೆ ಎತ್ತರದ್ದೇ ಅನ್ನೋದು ಆ ಒಂದು ಚಿತ್ರದಲ್ಲೇ ಗೊತ್ತಾಗುತ್ತದೆ.

ಇನ್ನೂ ಒಳ್ಳೆಯ ಸಾಕ್ಷಿ ಸಿಗೋದು ಅಮೆರಿಕದ ಡೆಟ್ರಾಯಿಟ್ ಪೊಲೀಸರ ಹತ್ತಿರ. 1928ರ ಏಪ್ರಿಲ್‌ನಲ್ಲಿ ಅವರು ಗಸ್ತು ಕಾರುಗಳಿಗೆ ರೇಡಿಯೋದಲ್ಲಿ ಆದೇಶ ಕೊಡೋದಕ್ಕೆ ಶುರುಮಾಡಿದರು. 2 ಮೆಗಾಹರ್ಟ್ಸ್ ಆಸುಪಾಸು, ಅಂದರೆ ಅಲೆಯ ಉದ್ದ ಸುಮಾರು 150 ಮೀಟರ್. ಕಾರಿನಲ್ಲಿದ್ದವರು ಕೇಳಬಹುದಿತ್ತು, ಉತ್ತರ ಕೊಡುವ ಹಾಗಿರಲಿಲ್ಲ. ಹೇಳೋದಿದ್ದರೆ ಇಳಿದು ಹೋಗಿ ಟೆಲಿಫೋನ್ ಹುಡುಕಬೇಕು. ಕಾರಿನಲ್ಲಿ ಹಿಡಿಸುವಂಥ ಟ್ರಾನ್ಸ್‌ಮಿಟರ್ ಇರಲಿಲ್ಲ ಅನ್ನೋದು ಒಂದು ಕಾರಣ. ಆದರೆ ಇದ್ದಿದ್ದರೂ ಕೋಲು ಕೈಕೊಡುತ್ತಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಈ ಕಂಪನಾಂಕಗಳಲ್ಲಿ ಮಿಂಚು ಗುಡುಗಿನಿಂದ ಹುಟ್ಟುವ ಗೊರಗೊರ ಸದ್ದು ಆಕಾಶದಲ್ಲಿ ಸದಾ ತುಂಬಿರುತ್ತದೆ. ಗಿಡ್ಡ ಆಂಟೆನಾ ಹಾಕಿದರೆ ಬೇಕಾದ ದನಿಯೂ ಕುಗ್ಗುತ್ತದೆ, ಬೇಡದ ಗೊರಗೊರವೂ ಅಷ್ಟೇ ಕುಗ್ಗುತ್ತದೆ. ರೇಡಿಯೋದ ಕಿವಿ ತಿರುಪಿ ಸದ್ದು ಏರಿಸಿದರೆ ಆಯಿತು, ಎರಡರ ಅನುಪಾತ ಹಾಗೇ ಇರುತ್ತದೆ. ಆದ್ದರಿಂದ ಕೇಳೋದಕ್ಕೆ ಕೆಟ್ಟ ಆಂಟೆನಾ ಸಾಕು. ಹೇಳೋದಕ್ಕೆ ಸಾಲದು. ಗಿಡ್ಡ ಕೋಲಿನ ಕಾರಿಗೆ ಕಿವಿ ಚುರುಕು, ಗಂಟಲು ಕಟ್ಟಿದ್ದು.

ಪೊಲೀಸರು ಈ ಜಗಳಕ್ಕೆ ನಿಲ್ಲಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಊರಿನ ಪೊಲೀಸ್ ಕಾರುಗಳು ಎರಡೂ ಕಡೆ ಮಾತಾಡಿದಾಗ ಅವು 30 ಮೆಗಾಹರ್ಟ್ಸ್‌ಗೂ ಮೇಲಕ್ಕೆ ಹೋಗಿದ್ದವು. ಅಲ್ಲಿ ಅಲೆಯೇ ಗಿಡ್ಡ, ಕೋಲೂ ಗಿಡ್ಡ. ಊರೊಳಗಿನ ಕೆಲಸಕ್ಕೆ ಅಷ್ಟು ಸಾಕು. ದೂರದ ಆಸೆ ಇದ್ದವರು ಮಾತ್ರ ಕೆಳಗೆ ಉಳಿದರು. ಅಯಾನುಗೋಳಕ್ಕೆ ಬಡಿದು ಹಿಂತಿರುಗಿ ಸಾವಿರಾರು ಮೈಲಿ ಹೋಗುವ ಅಲೆಗಳು ಇರುವುದು ಎಚ್‌ಎಫ್‌ನಲ್ಲೇ, 3ರಿಂದ 30 ಮೆಗಾಹರ್ಟ್ಸ್ ಒಳಗೆ.

ಅಂದ ಹಾಗೆ, ಕಾರಿನ ಮೇಲೆ ಕೋಲು ಎದ್ದು ನಿಂತಿದ್ದಕ್ಕೆ ಕಾರು ಕಂಪನಿಗಳದ್ದೂ ಪಾತ್ರ ಇದೆ. ಮೊದಲೆಲ್ಲ ಕಾರಿನ ಮಾಡು ಮರದ ಪಟ್ಟಿ, ತಂತಿ ಬಲೆ, ಬಟ್ಟೆಯಿಂದ ಮಾಡಿದ್ದು. ಹಾಡು ಕೇಳುವ ರೇಡಿಯೋಗೆ ಆ ಬಲೆಯನ್ನೇ ಆಂಟೆನಾ ಮಾಡಿಕೊಳ್ಳುತ್ತಿದ್ದರು. 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಇಡೀ ಮಾಡನ್ನು ಉಕ್ಕಿನ ತಗಡಿನಿಂದ ಮುಚ್ಚಿತು. ಆಂಟೆನಾ ಹೊರಗೆ ಬರಲೇಬೇಕಾಯಿತು. ಮುಂದೆ ಹ್ಯಾಮ್‌ಗಳಿಗೆ ಅದೇ ಉಕ್ಕಿನ ಮೈ ವರವಾಯಿತು. ನೆಟ್ಟಗೆ ನಿಂತ ಕೋಲು ಅರ್ಧ ಆಂಟೆನಾ ಅಷ್ಟೇ, ಉಳಿದರ್ಧ ಅದರ ಕೆಳಗಿನ ಲೋಹ ಮತ್ತು ನೆಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹ್ಯಾಮ್‌ಗಳ ಬಾಯಿಗೆ ಬೀಗ ಬಿದ್ದಿತ್ತು. 1945ರ ನವೆಂಬರಿನಲ್ಲಿ ಬೀಗ ತೆಗೆದಾಗ ಮೊದಲು ವಾಪಸ್ ಸಿಕ್ಕ ಬ್ಯಾಂಡುಗಳಲ್ಲಿ 10 ಮೀಟರ್ ಒಂದು. ಅದರ ಕಾಲು ಭಾಗ ಎಷ್ಟು? ಎರಡೂವರೆ ಮೀಟರ್, ಹೆಚ್ಚೂಕಮ್ಮಿ ಎಂಟಡಿ! ಮಿಲಿಟರಿಯವರು ಬೇಡವೆಂದು ಮಾರಿದ ಉಕ್ಕಿನ ಕೋಲುಗಳು, ರೇಡಿಯೋ ಸೆಟ್ಟುಗಳು ಅಗ್ಗಕ್ಕೆ ಸಿಗುತ್ತಿದ್ದವು. ಸಾಲದ್ದಕ್ಕೆ 1947ರಲ್ಲಿ ಸೂರ್ಯನ ಕಲೆಗಳು ಉತ್ತುಂಗಕ್ಕೇರಿದವು. ಕಲೆ ಹೆಚ್ಚಾದಾಗ ಅಯಾನುಗೋಳ ಗಟ್ಟಿಯಾಗಿ 10 ಮೀಟರ್ ಅಲೆಗಳನ್ನೂ ವಾಪಸ್ ಭೂಮಿಗೆ ಕಳಿಸುತ್ತದೆ. ಬಂಪರಿಗೆ ಕೋಲು ಸಿಕ್ಕಿಸಿ ನಾಲ್ಕಾರು ವ್ಯಾಟ್‌ನಲ್ಲೇ ಸಾಗರದಾಚೆ ಮಾತಾಡಬಹುದಿತ್ತು. ಮೊಬೈಲ್ ಹ್ಯಾಮ್‌ಗಳ ಪಾಲಿಗೆ ಅದು ಸುಗ್ಗಿ.

ಸುಗ್ಗಿ ಮುಗಿಯಿತು. ಸೂರ್ಯನ ಚಕ್ರ ಇಳಿಯುತ್ತಾ ಬಂದು 1954ರ ಹೊತ್ತಿಗೆ ತಳ ಮುಟ್ಟಿತು, 10 ಮೀಟರ್ ಬಹುಪಾಲು ಮೌನವಾಯಿತು. ದೂರ ಮಾತಾಡಬೇಕಾದರೆ 20, 40, 80 ಮೀಟರಿಗೆ ಇಳಿಯಬೇಕು. ಕೋಲು ಮಾತ್ರ ಅದೇ ಎಂಟಡಿ. ಆಗ ಮುಖ್ಯ ಪಾತ್ರಕ್ಕೆ ಬಂದದ್ದು ಲೋಡಿಂಗ್ ಕಾಯಿಲ್. ಕೋಲಿನ ಉದ್ದದಲ್ಲಿ ಕಡಿಮೆ ಬಿದ್ದದ್ದನ್ನು ತಂತಿ ಸುತ್ತಿ ತುಂಬಿಕೊಡೋದು.

ಕಾಯಿಲ್ ಹಾಕಿದರೆ ಕೋಲು ಬ್ಯಾಂಡಿಗೆ ಟ್ಯೂನ್ ಆಗುತ್ತದೆ, ನಿಜ. ಆದರೆ ಉದ್ದ ಆಗೋದಿಲ್ಲ! ಈ ಎರಡರ ವ್ಯತ್ಯಾಸವೇ ಇಡೀ ಇತಿಹಾಸದ ತಿರುಳು. ಆಂಟೆನಾಗೆ ವಿಕಿರಣ ರೋಧ ಅಂತ ಒಂದು ಗುಣ ಇದೆ. ಅಲ್ಲಿ ಖರ್ಚಾದ ವಿದ್ಯುತ್ತು ಮಾತ್ರ ರೇಡಿಯೋ ಅಲೆಯಾಗಿ ಹೊರಗೆ ಹೋಗುತ್ತದೆ. ಗಿಡ್ಡ ಕೋಲಿನ ಉದ್ದ ಅರ್ಧ ಮಾಡಿದರೆ ಈ ರೋಧ ಕಾಲಿಗೆ ಇಳಿಯುತ್ತದೆ. 80 ಮೀಟರಿನಲ್ಲಿ ಎಂಟಡಿ ಕೋಲಿನ ವಿಕಿರಣ ರೋಧ ಅರ್ಧ ಓಮ್‌ಗಿಂತಲೂ ಕಡಿಮೆ. ಒಳ್ಳೆಯ ಕಾಯಿಲ್‌ನದ್ದೇ ರೋಧ ಏಳೆಂಟು ಓಮ್. ಕಾರಿನ ಕೆಳಗಿನ ನೆಲದ್ದು ಇನ್ನೊಂದು ಹತ್ತು ಓಮ್ ಅಂದುಕೊಳ್ಳಿ. ಒಟ್ಟು ಹದಿನೆಂಟರಲ್ಲಿ ಉಪಯೋಗಕ್ಕೆ ಬರೋದು ಅರ್ಧವೂ ಇಲ್ಲ. ನೂರು ವ್ಯಾಟ್ ಕೊಟ್ಟರೆ ಎರಡು ವ್ಯಾಟ್ ಗಾಳಿಗೆ ಹೋಗುತ್ತದೆ, ಉಳಿದ ತೊಂಬತ್ತೆಂಟು ಕಾಯಿಲ್ಲನ್ನೂ ಮಣ್ಣನ್ನೂ ಬೆಚ್ಚಗೆ ಮಾಡುತ್ತದೆ.

ಈ ಲೆಕ್ಕವನ್ನು ಕೂತು ಸರಿಯಾಗಿ ಹಾಕಿದವರಲ್ಲಿ ಕೆನಡಾದ ಜ್ಯಾಕ್ ಬೆಲ್‌ರೋಸ್ ಮುಖ್ಯರು. ಮುಂದೆ ರೇಡಿಯೋ ವಿಜ್ಞಾನಿಯಾಗಿ ಹೆಸರು ಮಾಡಿದವರು. ಮೊಬೈಲ್ ಬಳಕೆಯ ಗಿಡ್ಡ ಆಂಟೆನಾಗಳ ಬಗ್ಗೆ ಅವರ ಲೇಖನ ಅಮೆರಿಕದ ಹ್ಯಾಮ್‌ಗಳ ಪತ್ರಿಕೆ ಕ್ಯೂಎಸ್‌ಟಿಯಲ್ಲಿ 1953ರ ಸೆಪ್ಟೆಂಬರಿನಲ್ಲಿ ಬಂತು. ಕಾಯಿಲ್ಲನ್ನು ಬುಡದಲ್ಲಿ ಇಡಬೇಕೋ ನಡುವೆ ಇಡಬೇಕೋ ಅನ್ನುವ ಜಗಳಕ್ಕೆ ಅಲ್ಲಿ ಲೆಕ್ಕದ ಉತ್ತರ ಇತ್ತು. ಕೋಲಿನಲ್ಲಿ ಹರಿಯುವ ವಿದ್ಯುತ್ತು ಬುಡದಲ್ಲಿ ಹೆಚ್ಚು, ತುದಿಯಲ್ಲಿ ಸೊನ್ನೆ. ಬುಡದಲ್ಲಿ ಕಾಯಿಲ್ ಇಟ್ಟರೆ ಕೂಡಲೇ ಇಳಿಯೋದಕ್ಕೆ ಶುರು. ನಡುವೆ ಇಟ್ಟರೆ ಕೆಳಗಿನರ್ಧದಲ್ಲಿ ವಿದ್ಯುತ್ತು ಹೆಚ್ಚೂಕಡಿಮೆ ತುಂಬಿಕೊಂಡೇ ಇರುತ್ತದೆ, ವಿಕಿರಣ ರೋಧ ಏರುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಸುಮಾರು ಎರಡರಷ್ಟು ದೊಡ್ಡ ಕಾಯಿಲ್. ಆ ಕಾಯಿಲ್ ಕಳಪೆಯಾದರೆ ಗಳಿಸಿದ್ದೆಲ್ಲ ಅಲ್ಲೇ ಕರಗಿ ಹೋಗುತ್ತದೆ.

ಹೀಗೆ ದಪ್ಪ ತಂತಿಯ, ಡಬ್ಬದಷ್ಟು ಅಗಲದ, ಗಾಳಿಯಾಡುವ ಕಾಯಿಲ್‌ಗಳು ಕಾರಿನ ಮೇಲೆ ಬಂದವು. ಟೆಕ್ಸಸ್ ಕಡೆ ಇದಕ್ಕೆ ಬಗ್ ಕ್ಯಾಚರ್ ಅಂತ ಹೆಸರು, ಹುಳ ಹಿಡಿಯುವ ಬುಟ್ಟಿ! ಹೆದ್ದಾರಿಯಲ್ಲಿ ವೇಗವಾಗಿ ಹೋದರೆ ಸುರುಳಿಯೊಳಗೆ ಹುಳಗಳು ಸಿಕ್ಕಿಕೊಳ್ಳುತ್ತಿದ್ದವು. ಹೆಂಡತಿ ಮಕ್ಕಳನ್ನು ಅಂಥ ಕಾರಿನಲ್ಲಿ ಮದುವೆ ಮನೆಗೆ ಕರೆದುಕೊಂಡು ಹೋಗೋದನ್ನು ಊಹಿಸಿಕೊಳ್ಳಿ :)

ಇಷ್ಟು ಲೆಕ್ಕ ಅಚ್ಚಾಗಿದ್ದರೂ ತೆಳ್ಳನೆಯ, ಅಂದವಾದ, ಸಣ್ಣ ತಂತಿ ಸುತ್ತಿದ ಆಂಟೆನಾಗಳು ದಶಕಗಟ್ಟಲೆ ಖರ್ಚಾದವು. ಯಾಕೆ? ನನ್ನ ಪ್ರಕಾರ ತಪ್ಪಿತಸ್ಥ ಒಂದು ಪುಟ್ಟ ಮೀಟರ್. ಆಂಟೆನಾ ಎಷ್ಟು ಶಕ್ತಿಯನ್ನು ವಾಪಸ್ ತಳ್ಳುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್. ಒಂದಕ್ಕೆ ಒಂದು ತೋರಿಸಿದರೆ ಏನೂ ವಾಪಸ್ ಬರುತ್ತಿಲ್ಲ, ಎಲ್ಲ ಸರಿ ಅಂತ ಸಂತೋಷ. ರೇಡಿಯೋ ಬಯಸೋದು 50 ಓಮ್. ಮೇಲಿನ ಒಳ್ಳೆ ಆಂಟೆನಾದ್ದು ಹದಿನೆಂಟು, ಮೀಟರ್ ಸುಮಾರು 2.8 ತೋರಿಸಿ ಮುಖ ಸಿಂಡರಿಸುತ್ತದೆ. ಅದರ ಕಾಯಿಲ್ ಕಿತ್ತು ಕಳಪೆಯದೊಂದನ್ನು ಹಾಕಿ, ಇಪ್ಪತ್ತೆಂಟು ಓಮ್‌ನದ್ದು. ಒಟ್ಟು ಮೂವತ್ತೆಂಟಾಯಿತು. ಮೀಟರ್ 1.3ಕ್ಕೆ ಇಳಿದು ನಗುತ್ತದೆ! ಗಾಳಿಗೆ ಹೋಗುವ ಶಕ್ತಿ ಎರಡು ವ್ಯಾಟ್ ಇದ್ದದ್ದು ಒಂದಕ್ಕೆ ಇಳಿದಿರುತ್ತದೆ. ವಾಪಸ್ ಬರಲಿಲ್ಲ ಅಂದರೆ ಹೊರಗೆ ಹೋಯಿತು ಅಂತಲ್ಲ, ಕಾಯಿಲ್ಲೇ ನುಂಗಿರಬಹುದು. ಮೀಟರ್ ಸುಳ್ಳು ಹೇಳಲಿಲ್ಲ, ಕೇಳಿದ ಪ್ರಶ್ನೆಯೇ ಬೇರೆ. ನಿಜ ಗೊತ್ತಾಗಬೇಕಾದರೆ ದೂರದಲ್ಲಿ ನಿಂತು ಅಲೆಯ ಬಲವನ್ನೇ ಅಳೆಯಬೇಕು. ಅಮೆರಿಕದ ಹ್ಯಾಮ್‌ಗಳು ಬಯಲಿನಲ್ಲಿ ಕಾರುಗಳನ್ನು ಸಾಲಾಗಿ ತಂದು, ಒಂದೇ ಶಕ್ತಿ ಕೊಟ್ಟು, ಹೀಗೆ ಅಳೆಯುವ ಪಂದ್ಯಗಳನ್ನೂ ನಡೆಸಿದರು. ದೊಡ್ಡ ಕಾಯಿಲ್‌ನ, ಕಾರಿನ ಮೈಯಿಂದ ದೂರ ಎದ್ದು ನಿಂತ ಉದ್ದನೆಯ ಆಂಟೆನಾಗಳದ್ದೇ ಮೇಲುಗೈ. ಅಂದವಾದವು ಹಿಂದೆ ಬಿದ್ದವು.

ಈ ನಡುವೆ ಡಬ್ಬದ ಕಡೆಯಿಂದ ಒಂದು ದೊಡ್ಡ ಸಹಾಯ ಬಂತು. 1957ರಲ್ಲಿ ಕಾಲಿನ್ಸ್ ಕಂಪನಿಯ ಕೆಡಬ್ಲ್ಯೂಎಂ-1 ಬಂದು ಕಾರಿನಲ್ಲಿ ಸಿಂಗಲ್ ಸೈಡ್‌ಬ್ಯಾಂಡ್ ಮಾತುಕತೆ ಸಾಧ್ಯವಾಯಿತು. ಹಳೆಯ ಎಎಂ ವಿಧಾನದಲ್ಲಿ ನೀವು ಸುಮ್ಮನಿದ್ದರೂ ವಾಹಕ ಅಲೆ ಬ್ಯಾಟರಿ ಹೀರುತ್ತಿತ್ತು. ಇದರಲ್ಲಿ ಆ ಅಲೆಯೇ ಇಲ್ಲ, ಮಾತಾಡಿದಾಗ ಮಾತ್ರ ಖರ್ಚು. ಆ ಹೊತ್ತಿಗೆ ಸೂರ್ಯನೂ ಮತ್ತೆ ಉಗ್ರನಾಗಿದ್ದ, 1957-58ರ ಉತ್ತುಂಗ ದಾಖಲಾದವುಗಳಲ್ಲೇ ಅತಿ ದೊಡ್ಡದು. ಆಂಟೆನಾದಲ್ಲಿ ಕಳೆದದ್ದನ್ನು ಬೇರೆ ಕಡೆಯಿಂದ ತುಂಬಿಕೊಂಡರು ಅನ್ನಬಹುದು.

ಉಳಿದದ್ದು ಇನ್ನೊಂದು ಪೀಡೆ. ಒಳ್ಳೆ ಕಾಯಿಲ್‌ನ ಆಂಟೆನಾ ಕೆಲಸ ಮಾಡುವ ಪಟ್ಟಿ ಬಹಳ ಕಿರಿದು. 80 ಮೀಟರಿನಲ್ಲಿ ಮೂವತ್ತು ನಲವತ್ತು ಕಿಲೋಹರ್ಟ್ಸ್ ಪಕ್ಕಕ್ಕೆ ಸರಿದರೆ ಮತ್ತೆ ಟ್ಯೂನ್ ಮಾಡಬೇಕು. ಕಾರು ನಿಲ್ಲಿಸು, ಇಳಿ, ತುದಿಯ ಕಡ್ಡಿಯನ್ನು ಒಂದಿಂಚು ಎಳೆ, ಹತ್ತು. ಬ್ಯಾಂಡ್ ಬದಲಿಸಬೇಕಾದರೆ ಕಾಯಿಲ್ಲನ್ನೇ ಬದಲಿಸು. ಮಳೆಯಲ್ಲಿ ಈ ಕೆಲಸ ಮಾಡಿದವರ ಬಾಯಲ್ಲಿ ಏನು ಬಂದಿರಬಹುದೋ. ಇದಕ್ಕೆ ಉತ್ತರ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಡಾನ್ ಜಾನ್ಸನ್. ಬ್ಯಾಟರಿಯಿಂದ ತಿರುಗುವ ಸ್ಕ್ರೂಡ್ರೈವರಿನ ಮೋಟಾರು ತೆಗೆದು ಆಂಟೆನಾದ ದಪ್ಪ ಕೊಳವೆಯೊಳಗೆ ಕೂರಿಸಿದರು. ಮೋಟಾರು ತಿರುಗಿದಂತೆ ಕಾಯಿಲ್ ಕೊಳವೆಯಿಂದ ಮೇಲೆದ್ದು ಬರುತ್ತದೆ, ಅಥವಾ ಒಳಗೆ ಮುಳುಗುತ್ತದೆ. ಹೊರಗೆ ಉಳಿದಷ್ಟು ಸುತ್ತು ಮಾತ್ರ ಲೆಕ್ಕಕ್ಕೆ. ಸೀಟಿನಲ್ಲಿ ಕೂತು ಒಂದು ಗುಂಡಿ ಒತ್ತಿದರೆ 80 ಮೀಟರಿನಿಂದ 10 ಮೀಟರಿನವರೆಗೂ ಹೋಗಬಹುದು. 1990ರ ದಶಕದ ಆರಂಭದಲ್ಲಿ ಇದು ಹಬ್ಬಿತು, ಹೆಸರು ಸ್ಕ್ರೂಡ್ರೈವರ್ ಆಂಟೆನಾ ಅಂತಲೇ ನಿಂತಿತು. ಈಗಲೂ ಮೊಬೈಲ್ ಹ್ಯಾಮ್‌ಗಳಲ್ಲಿ ಬಹಳ ಜನ ಬಳಸೋದು ಇದರ ಮಕ್ಕಳು ಮೊಮ್ಮಕ್ಕಳನ್ನೇ. ಇದೂ ದಕ್ಷತೆಯಲ್ಲಿ ಹುಳ ಹಿಡಿಯುವ ಬುಟ್ಟಿಗಿಂತ ಸ್ವಲ್ಪ ಹಿಂದೆಯೇ. ಆದರೆ ಇಳಿಯದೇ ಟ್ಯೂನ್ ಮಾಡುವ ಸುಖದ ಮುಂದೆ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಬಗ್ಗಿಸಿ ಕಟ್ಟಿದ ಕೋಲಿನ ವಿಷಯ ಹೇಳಲೇ ಇಲ್ಲ. ಮರ, ತಂತಿಗಳಿಗೆ ತಗಲದಿರಲಿ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಸೈನ್ಯದವರಿಂದ ಬಂದದ್ದು. ನೆಟ್ಟಗಿನ ಕೋಲು ಅಲೆಯನ್ನು ದಿಗಂತದ ಕಡೆ ಎಸೆಯುತ್ತದೆ. ಅದು ಮೇಲೆ ಬಡಿದು ಬೀಳೋದು ಬಹಳ ದೂರದಲ್ಲಿ, ಪಕ್ಕದ ಬೆಟ್ಟದ ಆಚೆ ಇರುವವನಿಗೆ ಏನೂ ಕೇಳಿಸೋದಿಲ್ಲ. ಕೋಲನ್ನು ಮಲಗಿಸಿದರೆ ಅಲೆ ನೆತ್ತಿಯ ಕಡೆ ಹೋಗಿ ಮಳೆಯ ಹಾಗೆ ಸುತ್ತಮುತ್ತ ಬೀಳುತ್ತದೆ. ಎರಡನೇ ಮಹಾಯುದ್ಧದ ಜರ್ಮನ್ ಕಮಾಂಡ್ ಗಾಡಿಗಳ ಮೇಲೆ ಮಂಚದ ಚೌಕಟ್ಟಿನಂಥ ಆಂಟೆನಾ ಇರುತ್ತಿತ್ತು, ಹಳೇ ಫೋಟೋಗಳಲ್ಲಿ ಎದ್ದು ಕಾಣುತ್ತದೆ. ಅಡ್ಡ ಮಲಗಿದ ಅಂಥ ಚೌಕಟ್ಟಿಗೂ ಈ ಗುಣ ಇದೆ.

ಈಗಿನ ಕಷ್ಟ ಬೇರೆ. ಬಂಪರುಗಳು ಪ್ಲಾಸ್ಟಿಕ್ ಆದವು, ಕೋಲು ಸಿಕ್ಕಿಸೋದಕ್ಕೆ ಉಕ್ಕು ಹುಡುಕಬೇಕು. ಬಾಗಿಲು, ಬಾನೆಟ್, ಸೈಲೆನ್ಸರ್ ಕೊಳವೆಗಳನ್ನೆಲ್ಲ ತಾಮ್ರದ ಪಟ್ಟಿಯಿಂದ ಚಾಸಿಗೆ ಬೆಸೆದು ಒಂದೇ ಮೈ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡದು, 1928ರಿಂದಲೂ ಪುಕ್ಕಟೆ ಸಿಗುತ್ತಿದ್ದ ಆ ಚುರುಕು ಕಿವಿಯೇ ಈಗ ಮಂದವಾಗುತ್ತಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯಿಂದ ಮೋಟಾರಿಗೆ ವಿದ್ಯುತ್ತು ತಿರುಗಿಸಿಕೊಡುವ ಇನ್ವರ್ಟರು ಕ್ಷಣಕ್ಕೆ ಸಾವಿರಾರು ಸಲ ಸ್ವಿಚ್ ಆಡಿಸುತ್ತಾ ಕೆಳಗಿನ ಕಂಪನಾಂಕಗಳಲ್ಲೆಲ್ಲ ಕಿರಿಚುತ್ತದೆ. ಬಿಎಂಡಬ್ಲ್ಯೂ ತನ್ನ ಐ3 ಕಾರಿನಲ್ಲಿ ಎಎಂ ರೇಡಿಯೋವನ್ನೇ ಕೊಡಲಿಲ್ಲ. ಆಕಾಶದ ಗೊರಗೊರ ದೂರದಿಂದ ಬರುವಂಥದ್ದು, ಗಿಡ್ಡ ಕೋಲಿಗೆ ಅದೂ ಕುಗ್ಗುತ್ತಿತ್ತು. ಕೋಲಿನ ಬುಡದಲ್ಲೇ ಕೂತು ಕಿರಿಚುವುದು ಹಾಗೆ ಕುಗ್ಗುವುದಿಲ್ಲ. ಹಾಗಾಗಿ ಕೆಲವು ಹ್ಯಾಮ್‌ಗಳು ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಅದರ ಎಲೆಕ್ಟ್ರಾನಿಕ್ಸ್ ಎಲ್ಲ ಆರಿಸಿ, ಬೇರೆ ಬ್ಯಾಟರಿಯಿಂದ ರೇಡಿಯೋ ಹಚ್ಚಿಕೊಂಡು ಕೂರುತ್ತಾರೆ. ನಿಂತ ಗಾಡಿಗೆ ಎಂಟಡಿಯ ಕಟ್ಟುಪಾಡೂ ಇಲ್ಲ ನೋಡಿ, ಇನ್ನೂ ಹತ್ತಡಿ ಏರಿಸಬಹುದು.