ಕಿಷ್ಕಿಂಧೆ ಜಪಾನ್‌ಗೆ ಹೋಯಿತು, ಕನ್ನಡಕ್ಕೆ ಬರಲಿಲ್ಲ

ಸಾಣಾಪುರದಿಂದ ಆನೆಗೊಂದಿ ಕಡೆ ಹೊರಟರೆ ದಾರಿಯಲ್ಲೇ ಅಂಜನಾದ್ರಿ. ಹನುಮಪ್ಪ ಹುಟ್ಟಿದ್ದು ಅಲ್ಲೇ, ವಾಲಿ-ಸುಗ್ರೀವರು ಆಳಿದ ಕಿಷ್ಕಿಂಧೆ ಇದೇ ಎಂಬುದು ನಮ್ಮ ಭಾಗದ ಹಿರಿಯರ ನಂಬಿಕೆ. ಆ ಕಿಷ್ಕಿಂಧೆಯ ಕಥೆಯನ್ನು ಜಪಾನಿನವರು ಕೈಯಿಂದ ಚಿತ್ರ ಬರೆದು ಸಿನಿಮಾ ಮಾಡಿದ್ದು ನಿಮಗೆ ಗೊತ್ತೇ?

ಯುಗೋ ಸಾಕೋ ಎಂಬ ಜಪಾನಿ ನಿರ್ಮಾಪಕ 1983ರಲ್ಲಿ ಸಾಕ್ಷ್ಯಚಿತ್ರವೊಂದರ ಕೆಲಸದಲ್ಲಿದ್ದರು. ಅಲಹಾಬಾದ್ ಹತ್ತಿರ ಬಿ.ಬಿ. ಲಾಲ್ ನಡೆಸಿದ್ದ ಉತ್ಖನನವೇ ಅದರ ವಿಷಯ. ಆಗ ರಾಮಾಯಣದ ಹುಚ್ಚು ಹತ್ತಿತು. ಜಪಾನಿ ಭಾಷೆಯಲ್ಲೇ ಹಲವು ರಾಮಾಯಣ ಓದಿದರು. ರಾಮ ದೇವರು, ಅವನನ್ನು ಮನುಷ್ಯರು ನಟಿಸುವುದಕ್ಕಿಂತ ಚಿತ್ರದಲ್ಲಿ ತೋರಿಸುವುದೇ ಸರಿ ಎಂದು ಅವರಿಗೆ ಅನ್ನಿಸಿತು. ನಮ್ಮವರಿಗೆ ಇದು ಒಪ್ಪಿಗೆಯಾಗಲಿಲ್ಲ. ವಿದೇಶಿಯರು ರಾಮನನ್ನು ಕಾರ್ಟೂನ್ ಮಾಡುವುದೇ ಎಂದು ವಿರೋಧ ಬಂತು. ಸರ್ಕಾರವೂ ಕೈಜೋಡಿಸಲಿಲ್ಲ. ಕೊನೆಗೆ ಜಪಾನಿನಲ್ಲೇ ಸಿನಿಮಾ ತಯಾರಾಯಿತು. ನಿರ್ದೇಶನದಲ್ಲಿ ಸಾಕೋ ಜೊತೆ ಕೊಯಿಚಿ ಸಸಾಕಿ ಮತ್ತು ನಮ್ಮ ರಾಮ್ ಮೋಹನ್ ಇದ್ದರು. ಧೋತರ ಉಡುವುದು ಹೇಗೆ, ಮಕ್ಕಳು ಹಿರಿಯರ ಕಾಲಿಗೆ ಬೀಳುವುದು ಹೇಗೆ ಎಂಬುದನ್ನು ಭಾರತದ ಕಲಾವಿದರೇ ಜಪಾನಿಯರಿಗೆ ತೋರಿಸಿಕೊಟ್ಟರು. ಸುಮಾರು 1 ಲಕ್ಷ ಚಿತ್ರ ಬರೆದರಂತೆ! ಸಂಗೀತ ವನರಾಜ್ ಭಾಟಿಯಾ ಅವರದು. 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಿದರು. ಅಯೋಧ್ಯೆಯ ಗಲಾಟೆಯ ಕಾಲ ಅದು, ಆಗ ಥಿಯೇಟರ್‌ಗೆ ಬರಲಿಲ್ಲ. ಮುಂದೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹಿಂದಿಯಲ್ಲಿ ಬಂತು. ದೂರದರ್ಶನದ ರಾಮ ಅರುಣ್ ಗೋವಿಲ್ ಅವರೇ ಇಲ್ಲಿಯೂ ರಾಮನಿಗೆ ದನಿ, ರಾವಣನಿಗೆ ಅಮರೀಶ್ ಪುರಿ.

ಜಪಾನಿಯರಿಗೆ ಬೇರೆ ದೇಶದ ಕಥೆ ಹೊಸದಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದ ಅರಮನೆ ಕಥೆ 'ರೋಸ್ ಆಫ್ ವರ್ಸೇಲ್ಸ್' ಅನ್ನು 1979-80ರಲ್ಲಿ 40 ಕಂತು ಮಾಡಿದರು. 1986ರಲ್ಲಿ ಅದು ಫ್ರೆಂಚ್ ಮಾತಾಡಿತು, ಅಲ್ಲಿನ ಮಕ್ಕಳು ತಮ್ಮ ರಾಣಿಯ ಕಥೆಯನ್ನು ತಮ್ಮ ಭಾಷೆಯಲ್ಲೇ ಕೇಳಿದರು.

ನಮ್ಮಲ್ಲಿ ಆಗಿದ್ದೇ ಬೇರೆ. ಡಬ್ಬಿಂಗ್ ಬಂದರೆ ಕನ್ನಡದ ಕಲಾವಿದರು, ಕಾರ್ಮಿಕರು ಕೆಲಸ ಕಳೆದುಕೊಳ್ಳುತ್ತಾರೆ ಎಂದು ದಶಕಗಳ ಕಾಲ ಬಾಗಿಲು ಹಾಕಿದ್ದೆವು. ಆ ಭಯ ಸುಳ್ಳೂ ಅಲ್ಲ, ನಮ್ಮ ಚಿತ್ರರಂಗ ಆಗ ಚಿಕ್ಕದು. ಆದರೆ ಕಾರ್ಟೂನ್ ನೋಡುವ ಕೂಸಿಗೆ ಇದೆಲ್ಲ ಏನು ಗೊತ್ತು? ಅದು ಹಿಂದಿ ಕಲಿಯಿತು. 2009ರಲ್ಲಿ ಚಿಂಟು ಟಿ.ವಿ. ಬಂದ ಮೇಲೆ ಕಾರ್ಟೂನ್‌ಗಳು ಕನ್ನಡ ಮಾತಾಡಿದವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದ ಡಬ್ಬಿಂಗ್ ಮಹಾಭಾರತವನ್ನು ಊರೂರಲ್ಲಿ ಕೂತು ನೋಡಿದರು. ಅಂದರೆ ಈಗ ಅಡ್ಡಿ ಏನೂ ಇಲ್ಲ.

ಅದೇ ಜಪಾನಿ ರಾಮಾಯಣ 2025ರ ಜನವರಿ 24ರಂದು ಹೊಸ ಮೆರುಗಿನೊಂದಿಗೆ ಥಿಯೇಟರ್‌ಗೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಇಷ್ಟೇ. 2012ರಲ್ಲೇ ತೀರಿಕೊಂಡ ಸಾಕೋ ಅದನ್ನು ನೋಡಲಿಲ್ಲ. ಗಂಗಾವತಿ ಸುತ್ತ ಕಾಲುವೆ ನೀರಿನ ಜೊತೆ ಬಂದು ನೆಲೆಸಿದ ಕ್ಯಾಂಪ್‌ಗಳ ತೆಲುಗು ಮಕ್ಕಳಿಗೆ ಸುಗ್ರೀವ ಅವರ ಮನೆಮಾತಿನಲ್ಲೇ ಸಿಕ್ಕ, ಸಂತೋಷ. ಅಂಜನಾದ್ರಿ ಕೆಳಗೆ ಕನ್ನಡ ಶಾಲೆಗೆ ಹೋಗುವ ಹುಡುಗ ಮಾತ್ರ ತನ್ನೂರ ಹನುಮಪ್ಪನ ಮಾತನ್ನು ಹಿಂದಿಯಲ್ಲೋ ತೆಲುಗಿನಲ್ಲೋ ಕೇಳಬೇಕು.