ಖಾಲಿ ಉಳಿದ ಪೀಠ

ಅಮೆರಿಕದ ಮಿಸ್ಸೂರಿ ಸಿನಡ್ ಎಂಬ ಲೂಥರನ್ ಸಭೆ 1970ರ ದಶಕದಲ್ಲಿ ಒಡೆಯಿತು. ಸತ್ಯವೇದವನ್ನು ನಂಬುವವರಿಗೂ ನಂಬದವರಿಗೂ ಆದ ಜಗಳ ಎಂದು ಅದನ್ನು ಬಣ್ಣಿಸುವ ರೂಢಿಯಿದೆ. ಆದರೆ ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವನ್ನು ಎರಡೂ ಕಡೆಯವರು ತಮ್ಮದೆಂದೇ ಹೇಳಿಕೊಂಡಿದ್ದರು. ಅವರನ್ನು ಬೇರೆ ಮಾಡಿದ ಪ್ರಶ್ನೆ ಬೇರೆಯೇ: ಬೋಧನೆ ಸರಿಯೋ ತಪ್ಪೋ ಎಂದು ತೀರ್ಪು ಹೇಳುವವರು ಯಾರು? ಈ ಪ್ರಶ್ನೆ ಆ ಸಭೆಯ ಜೊತೆಗೇ ಹುಟ್ಟಿದ್ದು.

ಜರ್ಮನಿಯ ಸ್ಯಾಕ್ಸನಿಯಲ್ಲಿ ಸರ್ಕಾರದ ಅಧೀನದಲ್ಲಿದ್ದ ಲೂಥರನ್ ಸಭೆಯಲ್ಲಿ ತರ್ಕವೇ ಮೇಲಾಗಿ ವಿಶ್ವಾಸ ಸೊರಗಿತೆಂದು ಬೇಸತ್ತ ಸುಮಾರು 700 ಮಂದಿ, ಮಾರ್ಟಿನ್ ಸ್ಟೆಫಾನ್ ಎಂಬ ಬೋಧಕನ ಹಿಂದೆ 1838ರಲ್ಲಿ ಅಮೆರಿಕದ ಹಡಗು ಹತ್ತಿದರು. ಐದು ಹಡಗುಗಳಲ್ಲಿ ಒಂದು ದಡ ಸೇರಲೇ ಇಲ್ಲ. ಬಿಷಪ್ ಎನಿಸಿಕೊಂಡ ಸ್ಟೆಫಾನ್ ಮೇಲೆ 1839ರಲ್ಲಿ ದುರ್ನಡತೆಯ ಆರೋಪ ಬಂತು. ಅವನನ್ನು ಪದಚ್ಯುತಗೊಳಿಸಿ ಮಿಸ್ಸಿಸಿಪ್ಪಿ ನದಿಯಾಚೆಗೆ ಸಾಗಹಾಕಿದರು. ಬಿಷಪ್ ಹೋದ ಮೇಲೆ ನಾವು ಸಭೆಯಾಗಿ ಉಳಿದಿದ್ದೇವೆಯೇ ಎಂಬ ಭಯ ಕಾಡಿತು. 1841ರಲ್ಲಿ ಮಿಸ್ಸೂರಿಯ ಆಲ್ಟೆನ್‌ಬರ್ಗಿನಲ್ಲಿ ನಡೆದ ವಾದದಲ್ಲಿ, ಅವರೊಂದಿಗೆ ಬಂದಿದ್ದ ಬೋಧಕ ಸಿ. ಎಫ್. ಡಬ್ಲ್ಯು. ವಾಲ್ಥರ್ ಉತ್ತರ ಕೊಟ್ಟ: ದೇವರ ವಾಕ್ಯ ಎಲ್ಲಿದೆಯೋ ಅಲ್ಲಿ ಸಭೆಯಿದೆ, ಅದರ ಅಧಿಕಾರ ವಿಶ್ವಾಸಿಗಳದ್ದು. 1847ರಲ್ಲಿ ಷಿಕಾಗೋದಲ್ಲಿ ಸ್ಥಾಪನೆಯಾದ ಸಿನಡ್ ಈ ಅಡಿಪಾಯವನ್ನೇ ನೆಚ್ಚಿತು. ಬೋಧನೆಯ ವಿಷಯವನ್ನು ದೇವರ ವಾಕ್ಯವೊಂದೇ ತೀರ್ಮಾನಿಸಬೇಕು, ಉಳಿದದ್ದಕ್ಕೆ ಬಹುಮತ ಸಾಕು ಎಂದು ಅದರ ನಿಯಮಾವಳಿ ಹೇಳುತ್ತದೆ.

ಈ ನಿಯಮ ಒರೆಗೆ ಬಿದ್ದದ್ದು 1973ರಲ್ಲಿ, ನ್ಯೂ ಆರ್ಲಿಯನ್ಸ್ ಅಧಿವೇಶನದಲ್ಲಿ. ಸಿನಡ್‌ಗೆ ಬೋಧಕರನ್ನು ತಯಾರುಮಾಡುವ ಸೇಂಟ್ ಲೂಯಿಯ ಕನ್ಕಾರ್ಡಿಯ ಸೆಮಿನರಿಯ ಬಹುಪಾಲು ಅಧ್ಯಾಪಕರು ಸತ್ಯವೇದವನ್ನು ಐತಿಹಾಸಿಕ ವಿಮರ್ಶೆಯ ವಿಧಾನದಲ್ಲೂ ಓದಿಸುತ್ತಿದ್ದರು. ಅವರ ನಿಲುವನ್ನು ಸಭೆ ಸಹಿಸಲಾಗದೆಂದು 574–451 ಮತಗಳಿಂದ ಖಂಡಿಸಲಾಯಿತು. ಮರುವರ್ಷ ಜನವರಿಯಲ್ಲಿ ಸೆಮಿನರಿಯ ಅಧ್ಯಕ್ಷ ಜಾನ್ ಟೀಟ್ಯೆನ್ ಅಮಾನತಾದರು. ಫೆಬ್ರವರಿಯಲ್ಲಿ 50 ಅಧ್ಯಾಪಕರಲ್ಲಿ 45 ಮಂದಿ, ಬಹುಪಾಲು ವಿದ್ಯಾರ್ಥಿಗಳೊಂದಿಗೆ, ಹೊರನಡೆದು ‘ಸೆಮಿನೆಕ್ಸ್’ ಎಂಬ ವನವಾಸದ ಸೆಮಿನರಿ ಕಟ್ಟಿದರು.

ಮತವು ಬೋಧನೆಯನ್ನು ಸೃಷ್ಟಿಸಲಿಲ್ಲ, ವೇದದಲ್ಲಿರುವುದನ್ನೇ ದಾಖಲಿಸಿತು ಎಂಬುದು ಗೆದ್ದವರ ಸಮರ್ಥನೆ. ಈ ಮಾತಿಗೆ ತೂಕವಿದೆ. ಬೋಧಕರ ಬೋಧನೆಯನ್ನು ಸಾಮಾನ್ಯ ವಿಶ್ವಾಸಿಗಳು ಪರೀಕ್ಷಿಸಬಹುದೆಂದು ವಾಲ್ಥರನೇ ಹೇಳಿದ್ದ. ಸಭೆಯ ಹಣದಲ್ಲಿ ನಡೆಯುವ ಸೆಮಿನರಿ ಆ ಪರೀಕ್ಷೆಗೆ ಹೊರತಾಗಲಾರದು. ಆದರೆ ಅದೇ ವೇದವನ್ನು ಕೈಯಲ್ಲಿ ಹಿಡಿದ 451 ಮಂದಿಗೆ ಅಲ್ಲಿ ಬೇರೆಯದೇ ಕಂಡಿತ್ತು. ಎರಡೂ ಕಡೆಯವರ ಓದು ಪ್ರಾಮಾಣಿಕವಾಗಿರುವಾಗ ಎಣಿಕೆಯಿಂದ ನಿರ್ಧರಿಸಿದರೆ, ನಿಯಮಾವಳಿ ಪ್ರತ್ಯೇಕವಾಗಿಟ್ಟಿದ್ದ ಎರಡು ವಿಷಯಗಳು ಒಂದಾಗಿಬಿಡುತ್ತವೆ. ಗಡಿಯೇ ಇಲ್ಲದ ಸಭೆ ಸಭೆಯಲ್ಲ ಎಂಬ ಆಕ್ಷೇಪವೂ ಸರಿಯೇ; ಆದರೆ ಸುವಾರ್ತೆಯ ಬೋಧನೆ ಮತ್ತು ಸಂಸ್ಕಾರಗಳ ವಿಷಯದಲ್ಲಿ ಸಹಮತವಿದ್ದರೆ ಐಕ್ಯಕ್ಕೆ ಅಷ್ಟು ಸಾಕು ಎಂಬ ಗಡಿಯನ್ನು ಆಗ್ಸ್‌ಬರ್ಗ್ ಪ್ರಮಾಣದ ಏಳನೆಯ ವಿಧಿ ಆಗಲೇ ಎಳೆದಿತ್ತು.

1976ರಲ್ಲಿ ಸಿನಡ್ ಬಿಟ್ಟು ಹೊರಟವರು ಸುಮಾರು 250 ಸ್ಥಳೀಯ ಸಭೆಗಳವರಷ್ಟೆ. ಬೇರೆ ಲೂಥರನ್ನರೊಂದಿಗೆ ಸೇರಿ ಅವರು 1988ರಲ್ಲಿ ದೊಡ್ಡದೊಂದು ಸಭೆಯ ಭಾಗವಾದರು. ಒಂದು ಕಡೆ ಪರೀಕ್ಷಿಸುವ ಹಕ್ಕನ್ನು, ಇನ್ನೊಂದು ಕಡೆ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎತ್ತಿ ಹಿಡಿಯಿತು; ಎರಡೂ ಆಲ್ಟೆನ್‌ಬರ್ಗಿನ ಮಕ್ಕಳೇ. ಬಿಷಪ್ಪನನ್ನು ನದಿ ದಾಟಿಸಿದವರು ಅವನ ಪೀಠವನ್ನು ಒಡೆದುಹಾಕಿರಲಿಲ್ಲ. 134 ವರ್ಷಗಳ ಬಳಿಕ ಬಹುಮತ ಅದರ ಮೇಲೆ ಕುಳಿತಿತು.