ಗ್ರಾವೆಲ್ ಬೈಕ್ ಕೊಂಡರೆ ರೋಡ್ ಬೈಕ್ ಬೇಡವೇ? ನಂಜನಗೂಡು ರಸ್ತೆಯ ಲೆಕ್ಕ

ಸೈಕಲ್ ಗುಂಪುಗಳ ವಾಟ್ಸ್ಆ್ಯಪ್‌ನಲ್ಲಿ ಎರಡು ಮಾತು ಜೊತೆಜೊತೆಯಾಗಿ ಓಡಾಡುತ್ತವೆ. ಗ್ರಾವೆಲ್ ಬೈಕ್ ಒಂದಿದ್ದರೆ ಸಾಕು, ರೋಡ್ ಬೈಕ್ ದಂಡ ಎನ್ನುವುದು ಒಂದು. ದಪ್ಪ ಟೈರ್ ಡಾಂಬರಿನ ಮೇಲೆ ಎಳೆಯುತ್ತದೆ, ತುಳಿದು ತುಳಿದು ಸುಸ್ತಾಗುತ್ತೀರಿ ಎನ್ನುವುದು ಇನ್ನೊಂದು. ಈ ಸೈಕಲ್‌ಗಳ ಬೆಲೆ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ ಇರುವುದರಿಂದ, ಯಾವುದನ್ನು ನಂಬಿ ಕಂತು ಕಟ್ಟಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಚುಟುಕಾಗಿ ಹೇಳುವುದಾದರೆ, ಮೊದಲನೆಯ ಮಾತು ರೇಸ್ ಓಡದ ಹೆಚ್ಚಿನವರ ಮಟ್ಟಿಗೆ ಸರಿ. ಎರಡನೆಯದು ಅರ್ಧ ಮಾತ್ರ ನಿಜ.

ಏನಿದು ಗ್ರಾವೆಲ್ ಬೈಕ್?

ಹೆಸರಿನಲ್ಲಿ ಬೈಕ್ ಇದ್ದರೂ ಇದು ಮೋಟಾರ್ ಇಲ್ಲದ ಸೈಕಲ್. ನೋಡಲು ರೋಡ್ ಬೈಕಿನಂತೆಯೇ ಕೆಳಗೆ ಬಾಗಿದ ಹ್ಯಾಂಡಲ್ ಇರುತ್ತದೆ. ವ್ಯತ್ಯಾಸ ಕಾಣುವುದು ಚಕ್ರದಲ್ಲಿ. ರೋಡ್ ಬೈಕಿನ ಟೈರ್ ಸಾಮಾನ್ಯವಾಗಿ 25ರಿಂದ 32 ಮಿ.ಮೀ. ಅಗಲ, ಗ್ರಾವೆಲ್ ಬೈಕಿನದು 35ರಿಂದ 50 ಮಿ.ಮೀ. ಎರಡು ಚಕ್ರಗಳ ನಡುವಿನ ಅಂತರ ತುಸು ಹೆಚ್ಚು, ಹ್ಯಾಂಡಲ್ ತುಸು ಎತ್ತರ. ಹಾಗಾಗಿ ಬೆನ್ನು ಕಡಿಮೆ ಬಗ್ಗುತ್ತದೆ, ಮಣ್ಣಿನ ದಾರಿಯಲ್ಲಿ ಸೈಕಲ್ ನೆಟ್ಟಗೆ ಹೋಗುತ್ತದೆ.

ಅಂದಹಾಗೆ, ನಮ್ಮೂರ ಹಳೇ ಕರಿ ಸೈಕಲ್ಲಿನ 28×1½ ಟೈರಿನ ಅಗಲ ಸುಮಾರು 40 ಮಿ.ಮೀ. ಇಂದು ಹೊಸದೆಂದು ಮಾರುವ ಗ್ರಾವೆಲ್ ಟೈರಿನಷ್ಟೇ! ಹಾಲಿನ ಕ್ಯಾನ್, ಮೇವಿನ ಹೊರೆ ಹೊತ್ತು ಕಾಲುವೆ ಏರಿಯ ಮೇಲೆ ಓಡಿದ ಸೈಕಲ್ಲಿಗೆ ಆ ಅಗಲ ಬೇಕೇ ಬೇಕಿತ್ತು.

ದಪ್ಪ ಟೈರ್ ಎಷ್ಟು ಎಳೆಯುತ್ತದೆ?

ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿ.ಮೀ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ., ಸಮತಟ್ಟು ರಸ್ತೆ, ಗಾಳಿ ಇಲ್ಲ, ಕಾಲು ಕೊಡುವ ಶಕ್ತಿ 150 ವ್ಯಾಟ್ ಎಂದಿಟ್ಟುಕೊಳ್ಳಿ. ಒಳ್ಳೆಯ ಟೈರಿನ ರೋಡ್ ಬೈಕ್ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ 50 ನಿಮಿಷಕ್ಕೆ ತಲುಪುತ್ತದೆ. ಈ ವೇಗದಲ್ಲಿ ನಾವು ತುಳಿಯುವುದರ ಮುಕ್ಕಾಲು ಪಾಲು ಖರ್ಚಾಗುವುದು ಎದುರಿನ ಗಾಳಿಯನ್ನು ಸೀಳಲು. ಟೈರಿನ ಪಾಲಿಗೆ ಬರುವುದು ಉಳಿದ ಕಾಲು ಭಾಗ.

ಈಗ ದೊಡ್ಡ ಗುಬ್ಬಿಗಳಿರುವ ಗ್ರಾವೆಲ್ ಟೈರ್ ಹಾಕಿ. ಅದರ ಉರುಳುವ ಪ್ರತಿರೋಧ ಹೆಚ್ಚೂಕಡಿಮೆ ಎರಡರಷ್ಟು ಎಂದು ಹಿಡಿದರೂ ವೇಗ ಇಳಿಯುವುದು 28ಕ್ಕೆ. ನಂಜನಗೂಡಿಗೆ ಮೂರೂವರೆ ನಿಮಿಷ ತಡ. ಅದೇ ಗ್ರಾವೆಲ್ ಬೈಕಿಗೆ ಗುಬ್ಬಿ ಇಲ್ಲದ ನಯವಾದ 32 ಮಿ.ಮೀ. ಟೈರ್ ಹಾಕಿದರೆ ಟೈರಿನಿಂದಾಗುವ ನಷ್ಟ ಅರ್ಧ ನಿಮಿಷವೂ ಇಲ್ಲ. ಬೆನ್ನು ನೆಟ್ಟಗಿದ್ದು ಎದೆಗೆ ಗಾಳಿ ಹೊಡೆಯುವುದನ್ನೂ, ಒಂದೆರಡು ಕೆ.ಜಿ. ಹೆಚ್ಚಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಟ್ಟು ವ್ಯತ್ಯಾಸ ಒಂದೂವರೆ, ಎರಡು ನಿಮಿಷ. ಅಂದರೆ ಬೈಸಿಕೊಳ್ಳುತ್ತಿರುವ ಸೈಕಲ್ಲಿನ ತಪ್ಪು ದೊಡ್ಡದೇನಲ್ಲ. ಗುಬ್ಬಿ ಟೈರಿನದೇ ಹೆಚ್ಚು.

ಏರಿನಲ್ಲಿ ತೂಕದ ಮಾತು ಬರುತ್ತದೆ. ಎರಡು ಕೆ.ಜಿ. ಹೆಚ್ಚಾದರೆ ಒಟ್ಟು ತೂಕ ಶೇ. 2.5ರಷ್ಟು ಹೆಚ್ಚುತ್ತದೆ. ಇಪ್ಪತ್ತು ನಿಮಿಷದ ಏರಿಗೆ ಅರ್ಧ ನಿಮಿಷ ಹೆಚ್ಚು.

ಗಾಳಿ ಕಲ್ಲಿನಂತೆ ತುಂಬಿಸಿದರೆ ಸೈಕಲ್ ಹಾರುತ್ತದೆ ಎಂಬ ನಂಬಿಕೆಯೂ ಇದೆ. ಗಾಜಿನಂಥ ರಸ್ತೆಯಲ್ಲಿ ಅದು ಸ್ವಲ್ಪ ನಿಜ. ತೇಪೆ ಹಾಕಿದ ರಸ್ತೆಯಲ್ಲಿ ಗಟ್ಟಿ ಟೈರ್ ಪ್ರತಿ ಉಬ್ಬಿಗೂ ಸವಾರನನ್ನೇ ಮೇಲಕ್ಕೆತ್ತಿ ಕುಕ್ಕುತ್ತದೆ, ಮುಂದೆ ಹೋಗಬೇಕಾದ ಶಕ್ತಿ ಮೈ ಅಲುಗಾಟದಲ್ಲಿ ಕಳೆದುಹೋಗುತ್ತದೆ. ಮೃದು ಟೈರ್ ಆ ಉಬ್ಬನ್ನು ತಾನೇ ನುಂಗಿಕೊಳ್ಳುತ್ತದೆ. 70 ಕೆ.ಜಿ. ತೂಕದವರು 40 ಮಿ.ಮೀ. ಟೈರಿಗೆ 35ರಿಂದ 45 ಪಿಎಸ್ಐ ತುಂಬಿಸಿದರೆ ಸಾಕು.

ನಮ್ಮ ರಸ್ತೆ ಎಂಥದ್ದು?

ಪ್ರಶ್ನೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ತಾಂಡ್ಯ ಕೈಗಾರಿಕಾ ಪ್ರದೇಶದ ಕಡೆಯಿಂದ ಬೆಳಿಗ್ಗೆ ಸೈಕಲ್ ಹೊರಡಿಸಿ. ಹೆದ್ದಾರಿಯಲ್ಲಿ ಲಾರಿ, ಕಾರ್ಖಾನೆ ಬಸ್ಸು. ಹಿಂದಿನಿಂದ ಹಾರ್ನ್ ಹೊಡೆದರೆ ಡಾಂಬರು ಬಿಟ್ಟು ಪಕ್ಕದ ಮಣ್ಣಿಗೆ ಇಳಿಯಲೇಬೇಕು. ಡಾಂಬರಿನ ಅಂಚು ಮಣ್ಣಿಗಿಂತ ನಾಲ್ಕು ಬೆರಳು ಎತ್ತರವಿದ್ದರೆ 25 ಮಿ.ಮೀ. ಟೈರಿನಲ್ಲಿ ಹಾಗೆ ಇಳಿಯುವುದೂ ಕಷ್ಟ, ಮತ್ತೆ ಹತ್ತುವಾಗ ಚಕ್ರ ಅಂಚಿಗೆ ಸಿಕ್ಕಿ ರಸ್ತೆಯ ಕಡೆಗೇ ಬೀಳುವ ಅಪಾಯವೂ ಉಂಟು. ನನ್ನ ಮಟ್ಟಿಗೆ ಅಗಲ ಟೈರಿನ ಪರ ಇರುವ ದೊಡ್ಡ ವಾದ ಇದೊಂದೇ. ಉಳಿದದ್ದೆಲ್ಲ ನಿಮಿಷಗಳ ಲೆಕ್ಕ.

ಅಳಗಂಚಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರ್ ಹೋಗುವ ದಿನಗಳಲ್ಲಿ ರಸ್ತೆ ಮೇಲೆ ಜಲ್ಲೆ ಬಿದ್ದಿರುತ್ತದೆ. ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಒಳದಾರಿ ಹಿಡಿದರೆ ಕಬಿನಿ ನಾಲೆಗಳ ಏರಿ ಸಿಗುತ್ತದೆ, ವಾಹನ ಕಡಿಮೆ, ನೆರಳೂ ಇರುತ್ತದೆ, ಆದರೆ ನೆಲ ಕೆಮ್ಮಣ್ಣು ಮತ್ತು ಜಲ್ಲಿ. ರೋಡ್ ಬೈಕಿನವರು ಬಿಟ್ಟುಕೊಡಬೇಕಾದ ದಾರಿ ಇದು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಗೇ ಹಾಸಿ ಒಕ್ಕಣೆ ಮಾಡುವಲ್ಲಿ ಮಾತ್ರ ಯಾವ ಟೈರೂ ನಂಬಿಕೆಗೆ ಅರ್ಹವಲ್ಲ. ಹುರುಳಿ ಬಳ್ಳಿ ಗಿಯರಿಗೆ ಸುತ್ತಿಕೊಂಡರೆ ಚಕ್ರ ಕಚ್ಚಿ ನಿಲ್ಲುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನ, ಟ್ರ್ಯಾಕ್ಟರ್‌ಗಳ ಜೊತೆಗೆ ಮೋಟಾರ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸೈಕಲ್ಲಿಗೆ ಉಳಿದಿರುವುದು ಸರ್ವಿಸ್ ರಸ್ತೆ. ನಯವಾದ ಡಾಂಬರನ್ನು ನಂಬಿ ರೋಡ್ ಬೈಕ್ ಕೊಂಡವರು ಅಲ್ಲಿಯ ಹಂಪ್, ಮರಳು, ಚರಂಡಿ ಮುಚ್ಚಳಗಳನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ರೋಡ್ ಬೈಕೇ ಬೇಕು ಎನ್ನುವವರು ಯಾರು?

ರೇಸ್ ಓಡುವವರು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸುವ ಆಟದಲ್ಲಿ ಐದು ಸೆಕೆಂಡೂ ಪದಕ ಕಸಿಯಬಲ್ಲದು. ಅಲ್ಲಿ ಮೇಲಿನ ಒಂದೂವರೆ ನಿಮಿಷ ಬಹಳ ದೊಡ್ಡದು. ಭಾನುವಾರ ಬೆಳಿಗ್ಗೆ ವೇಗದ ಗುಂಪಿನ ಜೊತೆ ಹೋಗುವವರಿಗೂ ಗಿಯರ್ ಅಡ್ಡಿಯಾಗಬಹುದು. ಎಷ್ಟೋ ಗ್ರಾವೆಲ್ ಬೈಕುಗಳಲ್ಲಿ ಪೆಡಲ್ ಬಳಿ ಒಂದೇ ಹಲ್ಲುಚಕ್ರ ಇರುತ್ತದೆ. ಅದಕ್ಕೆ 40 ಹಲ್ಲು, ಹಿಂದಿನ ಚಿಕ್ಕ ಗಿಯರಿಗೆ 11 ಹಲ್ಲು ಇದ್ದರೆ, ನಿಮಿಷಕ್ಕೆ 90 ಸುತ್ತು ತುಳಿದಾಗ ವೇಗ ಸುಮಾರು 41 ಕಿ.ಮೀ. ಮುಂದೆ 50 ಹಲ್ಲಿರುವ ರೋಡ್ ಬೈಕಿನಲ್ಲಿ 51. ಇಳಿಜಾರಿನಲ್ಲಿ ಗುಂಪು ಮುಂದೆ ಹೋಗುತ್ತದೆ, ನಿಮ್ಮ ಕಾಲು ಸುಮ್ಮನೆ ಗಿರಗಿರನೆ ತಿರುಗುತ್ತದೆ.

ಬ್ರೆವೆ ಓಡುವವರಿಗೆ ಈ ಚಿಂತೆ ಬೇಡ. 200 ಕಿ.ಮೀ. ಮುಗಿಸಲು 13 ಗಂಟೆ 30 ನಿಮಿಷ ಇರುತ್ತದೆ. ಕಾಫಿ, ಇಡ್ಲಿ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ ಸಾಕು. ಇಡೀ ದಿನ ಕೂರಬೇಕಾದಾಗ ಸೊಂಟ, ಅಂಗೈಗೆ ಅಗಲ ಟೈರೇ ಹಿತ.

ಕೊಳ್ಳುವ ಮುನ್ನ ನೋಡಬೇಕಾದ್ದು

ಗ್ರಾವೆಲ್ ಬೈಕಿಗೆ ಸಾಮಾನ್ಯವಾಗಿ ಸಣ್ಣ ಟೈರ್ ಹಾಕಬಹುದು, ರಿಮ್ಮಿನ ಅಗಲಕ್ಕೆ ಹೊಂದುತ್ತದೆಯೇ ಎಂದು ಮಾತ್ರ ಕೇಳಿ. ತಿರುಗಾಮುರುಗಾ ಆಗುವುದಿಲ್ಲ. ಹಳೇ ರೋಡ್ ಬೈಕಿನ ಚೌಕಟ್ಟಿನಲ್ಲಿ 28 ಮಿ.ಮೀ.ಗಿಂತ ಅಗಲದ ಟೈರ್ ಉಜ್ಜತೊಡಗುತ್ತದೆ. ಈಗಾಗಲೇ ರೋಡ್ ಬೈಕ್ ಇದ್ದವರು ಮಾರುವ ಮೊದಲು, ಅದರಲ್ಲಿ ಹಿಡಿಸುವ ಅತಿ ಅಗಲದ ಟೈರ್ ಹಾಕಿ ಗಾಳಿ ಇಳಿಸಿ ಒಂದು ವಾರ ಓಡಿಸಿ ನೋಡಬಹುದು.

ಇನ್ನೊಂದು ಎಚ್ಚರ ಪಂಕ್ಚರ್ ಅಂಗಡಿಯದು. ಹಳೇ ಸೈಕಲ್ಲಿನ ಟೈರ್ ಮೇಲೂ 28 ಎಂದಿರುತ್ತದೆ, ಕೆಲವು 700ಸಿ ಟೈರ್ ಮೇಲೂ 28 ಎಂದಿರುತ್ತದೆ. ಎರಡೂ ಒಂದಲ್ಲ. ಹಳೆಯದರ ರಿಮ್ ವ್ಯಾಸ 635 ಮಿ.ಮೀ., 700ಸಿಯದು 622. ಟೈರಿನ ಬದಿಯಲ್ಲಿ 40-622 ಎಂಬಂತೆ ಬರೆದ ಸಂಖ್ಯೆಯನ್ನೇ ನಂಬಿ. ಹಳ್ಳಿ ಅಂಗಡಿಯ ವಾಲ್‌ಟ್ಯೂಬ್ ಹಾಕುವ ಟ್ಯೂಬೂ ಬರುವುದಿಲ್ಲ. ಇಂಥ ಸೈಕಲ್ಲಿನ ವಾಲ್ವ್ ಸಾಮಾನ್ಯವಾಗಿ ಸಣಕಲು ಪ್ರೆಸ್ಟಾ, ರಿಮ್ಮಿನ ತೂತೂ ಅಷ್ಟೇ ಸಣ್ಣದು. ಗಾಳಿ ಹೊಡೆಸಲು ವಾಲ್ವ್ ತುದಿಗೆ ತಿರುಗಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ. ಸೀಟಿನ ಕೆಳಗಿನ ಚೀಲದಲ್ಲಿ ಅದೊಂದು, ಜೊತೆಗೆ ಒಂದು ಟ್ಯೂಬ್ ಇರಲಿ.